ಭಸ್ಮಜ್ಯೋತಿಗೆ ಹೊಗೆ ಉಂಟೋ ಇಲ್ಲವೋ

ಮೀನುಗಾರಿಕೆಗೆ ರಜೆ ಬಿದ್ದ ಮೇಲೆ ಮಲ್ಪೆಯಲ್ಲಿ ಐಸಿಗೆ ಇರುವ ಮರ್ಯಾದೆಯೂ ಕಿಟ್ಟ ಕರ್ಕೇರನಿಗೆ ಇರುವ ಮರ್ಯಾದೆಯೂ ಒಂದೇ. ಎರಡೂ ಮೂಲೆಯಲ್ಲಿ ಕುಳಿತು ಕರಗುತ್ತವೆ, ಯಾರೂ ಗಮನಿಸುವುದಿಲ್ಲ.

ಕಿಟ್ಟ ಐಸ್ ಕಾರ್ಖಾನೆಯ ಲೆಕ್ಕ ಬರೆಯುವ ರೈಟರು. ಬೋಟುಗಳು ಕಡಲಿಗೆ ಹೋಗುವ ತಿಂಗಳುಗಳಲ್ಲಿ ಬೆಳಕು ಹರಿಯುವ ಮೊದಲೇ ಅವನ ಫೋನು ಹೊಡೆದುಕೊಳ್ಳಲು ಶುರು. "ಕಿಟ್ಟಣ್ಣಾ, ಐಸ್ ಎಲ್ಲಿ?" "ಕಿಟ್ಟಣ್ಣಾ, ನಿನ್ನ ಐಸು ಎಂಥದು ಮಾರಾಯ, ಬೋಟಿಗೆ ಮುಟ್ಟುವಾಗ ನೀರು!" "ಕಿಟ್ಟಣ್ಣಾ, ನಿನಗೆ ಮರ್ಯಾದೆ ಉಂಟಾ?" ಅವನನ್ನು ಬೈಯುವವರ ಸಂಖ್ಯೆ ದೊಡ್ಡದಿತ್ತು. ಬೈಗುಳವಾದರೂ ಅದು ಅವನ ಹೆಸರಿಗೇ ಬರುತ್ತಿತ್ತಲ್ಲ, ಆ ಒಂದು ತೃಪ್ತಿ. ಜೂನ್ ಬಂತೆಂದರೆ ಬೋಟುಗಳು ಬಂದರಿನ ದಕ್ಕೆಯಲ್ಲಿ ಸಾಲಾಗಿ ನಿಲ್ಲುತ್ತವೆ, ಫೋನು ಮೇಜಿನ ಮೇಲೆ ಮಲಗುತ್ತದೆ.

ನಲವತ್ತೆಂಟರ ಕಿಟ್ಟನಿಗೆ ಮದುವೆ ಆಗಿರಲಿಲ್ಲ. ಯಾಕೆಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ. ಆಗುತ್ತದೆ, ಆಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ಒಂದು ದಿನ ಹೇಳುವುದನ್ನು ನಿಲ್ಲಿಸಿದರು. ಅಷ್ಟೇ. ಒಬ್ಬಳು ತಂಗಿ, ಸುಗಂಧಿ, ಮುಂಬೈಯ ಭಾಂಡುಪಿನಲ್ಲಿ. ಅವಳು ವರ್ಷಕ್ಕೊಮ್ಮೆ ಅಷ್ಟಮಿಗೆ ಫೋನ್ ಮಾಡಿ "ಉಂಡೆ ತಿಂದಿಯಾ?" ಎಂದು ಕೇಳಿ, ಉತ್ತರ ಬರುವುದರೊಳಗೆ ಕುಕ್ಕರ್ ಕೂಗಿತೆಂದು ಇಡುತ್ತಿದ್ದಳು. ಕಾಪುವಿನ ಬಾಡಿಗೆ ಮನೆಯಲ್ಲಿ ಕಿಟ್ಟ ರಜೆಯ ದಿನಗಳಲ್ಲಿ ಫೋನು ಹಾಳಾಗಿದೆಯೇನೋ ಎಂಬ ಸಂಶಯದಿಂದ ಪಕ್ಕದ ಮನೆಯ ಲೊರ್ನಾ ಬಾಯಿಯ ಹತ್ತಿರ ಹೋಗಿ, "ಒಮ್ಮೆ ನನಗೊಂದು ರಿಂಗ್ ಕೊಡಿ ಬಾಯಿ" ಎನ್ನುತ್ತಿದ್ದ. ಲೊರ್ನಾ ಬಾಯಿ ಕೊಡುತ್ತಿದ್ದರು.

"ರಿಂಗ್ ಆಗ್ತದೆ ಕಿಟ್ಟಣ್ಣ. ಫೋನ್ ಸರಿ ಉಂಟು."

ಫೋನು ಸರಿ ಇದೆ ಎಂಬುದೇ ಬೇಸರದ ಸಂಗತಿಯಾಗಿತ್ತು.

ಇಂಥ ಮನುಷ್ಯ ಷೇರು ಪೇಟೆಗೆ ಬಿದ್ದದ್ದು ಒಂದು ಪ್ಲಾಸ್ಟಿಕ್ ಕುರ್ಚಿಯಿಂದ. ಉಡುಪಿಯ ಹಾಲ್ ಒಂದರಲ್ಲಿ ಮದುವೆ. ಊಟಕ್ಕೆ ಇನ್ನೂ ಹೊತ್ತಿತ್ತು. ಏಳೆಂಟು ಗಂಡಸರು ಕುರ್ಚಿ ಎಳೆದು ವೃತ್ತ ಮಾಡಿಕೊಂಡು ಗಹನವಾಗಿ ಮಾತಾಡುತ್ತಿದ್ದರು. ಕಿಟ್ಟನೂ ಒಂದು ಕುರ್ಚಿ ಎಳೆದ. ನಡುವಿನಲ್ಲಿ ಪ್ರೊಫೆಸರ್ ಸ್ಟ್ಯಾನಿಸ್ಲಾಸ್. ಮಣಿಪಾಲದಲ್ಲಿ ಇಂಜಿನಿಯರಿಂಗ್ ಪಾಠ ಮಾಡಿ ನಿವೃತ್ತರಾದವರು. ಪಾಠ ಮಾಡುವ ಚಟ ಮಾತ್ರ ನಿವೃತ್ತವಾಗಿರಲಿಲ್ಲ.

"ಭಸ್ಮಜ್ಯೋತಿ ಎನರ್ಜಿ ಲಿಮಿಟೆಡ್," ಎಂದರು ಪ್ರೊಫೆಸರು, ಪ್ರತಿ ಅಕ್ಷರವನ್ನೂ ತಟ್ಟೆಯಲ್ಲಿಟ್ಟು ಬಡಿಸುವಂತೆ. "ಊರಿನ ಕಸ ಒಳಗೆ, ಕರೆಂಟು ಹೊರಗೆ. ಪ್ಲಾಸ್ಮಾ ತಂತ್ರಜ್ಞಾನ. ಸಾಮಾನ್ಯ ಬೆಂಕಿ ಪಿಯುಸಿ ಆದರೆ ಪ್ಲಾಸ್ಮಾ ಪಿಎಚ್‌ಡಿ, ನೋಡಿ."

"ಪಿಎಚ್‌ಡಿ ಮಾಡಿದವರಿಗೆ ಕೆಲಸ ಸಿಕ್ಕಿದ್ದು ನಾನು ನೋಡಿಲ್ಲ ಸಾರ್," ಎಂದರು ಎದುರು ಕುಳಿತ ಬಶೀರ್ ಹಾಜಿ. ಕಾಪು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಅದಕ್ಕೆ ಮೊದಲು ಇಪ್ಪತ್ತು ವರ್ಷ ದಮಾಮಿನಲ್ಲಿ ಪೈಪು ಜೋಡಿಸಿದವರು. "ಕಾರ್ಕಳದ ಗುಡ್ಡದಲ್ಲಿ ಪ್ಲಾಂಟ್ ಅಂತ ಹೇಳ್ತಾರೆ. ಒಂದು ದಿನ ಹೊಗೆ ಕಂಡದ್ದುಂಟಾ?"

"ಹೊಗೆ ಇಲ್ಲದಿರುವುದೇ ತಂತ್ರಜ್ಞಾನ!"

"ಬೆಂಕಿ ಇಲ್ಲದಿದ್ರೂ ಹೊಗೆ ಇರುವುದಿಲ್ಲ ಸಾರ್."

ವೃತ್ತ ಎರಡಾಯಿತು. ಎರಡು ಕಡೆಯವರೂ ಬೆರಳು ಮಡಚಿ ತೆಗೆದು ವಾದಿಸಿದರು. ಆಗ ಪ್ರೊಫೆಸರ ಕಣ್ಣು ಹೊಸ ಕುರ್ಚಿಯ ಮೇಲೆ ಬಿತ್ತು. "ನಿಮ್ಮದು ಎಷ್ಟುಂಟು?"

ಇಲ್ಲ ಎಂದರೆ ಕುರ್ಚಿ ಬಿಡಬೇಕಾಗುತ್ತದೆ. ಕಿಟ್ಟ ಗಂಟಲು ಸರಿಮಾಡಿಕೊಂಡು, "ಒಂದು ಲೆವೆಲಿಗೆ ಉಂಟು," ಎಂದ.

ಈ ಮೂರು ಶಬ್ದಗಳ ಸುಳ್ಳನ್ನು ಸತ್ಯ ಮಾಡಲು ಅವನು ಮರುದಿನವೇ ಪಾನ್ ಕಾರ್ಡು ಹುಡುಕಿ, ಪೇಟೆಯ ಸೈಬರಿನವನ ಕೈಯಲ್ಲಿ ಖಾತೆ ತೆರೆಸಿ, ಭಸ್ಮಜ್ಯೋತಿಯ ಒಂದು ಮುಷ್ಟಿ ಷೇರು ಕೊಂಡ. ಸಂಜೆಗೆ ಅವನನ್ನು "ಭಸ್ಮಜ್ಯೋತಿ ಹಿತಚಿಂತಕರು" ಎಂಬ ವಾಟ್ಸಾಪ್ ಗುಂಪಿಗೆ ಸೇರಿಸಲಾಯಿತು. ಷೇರು ತೆಗೆದುಕೊಂಡವನು ಸೇರಿದ. ಸೇರಿದವನಿಗೆ ಬೆಲೆ ಇಳಿದರೇನು, ಏರಿದರೇನು?

ಗುಂಪಿನಲ್ಲಿ ಎರಡು ಪಕ್ಷ. ಕಂಪೆನಿ ಉರಿದು ಬೆಳಗುತ್ತದೆ ಎನ್ನುವ ಬೆಂಕಿ ಪಕ್ಷಕ್ಕೆ ಪ್ರೊಫೆಸರು ನಾಯಕರು. ಎಲ್ಲ ಬೂದಿ ಎನ್ನುವ ಬೂದಿ ಪಕ್ಷಕ್ಕೆ ಬಶೀರ್ ಹಾಜಿ. ಬೂದಿಯೆಂದು ಗೊತ್ತಿದ್ದೂ ಹಾಜಿ ತಮ್ಮ ಷೇರು ಮಾರಿರಲಿಲ್ಲ. ಯಾಕೆಂದು ಕೇಳಿದರೆ, "ನಾನು ಮಾರಿದ ಮರುದಿನ ರೇಟ್ ಏರಿದ್ರೆ ಸ್ಟ್ಯಾನಿಸ್ಲಾಸ್ ನಗ್ತಾನಲ್ಲ, ಆ ನಗು ಯಾರು ಕೇಳುವುದು?" ಎನ್ನುತ್ತಿದ್ದರು. ಹೊಸಬನಾದ ಕಿಟ್ಟ ಯಾವ ಪಕ್ಷವೆಂದು ಯಾರಿಗೂ ಗೊತ್ತಿರಲಿಲ್ಲ. ಆದುದರಿಂದ ಎರಡೂ ಪಕ್ಷದವರು ಅವನಿಗೆ ಫೋನ್ ಮಾಡತೊಡಗಿದರು.

"ಕಿಟ್ಟ ಅವರೇ, ಥರ್ಮೋಡೈನಾಮಿಕ್ಸಿನ ಎರಡನೇ ನಿಯಮ ನಿಮಗೆ ಗೊತ್ತುಂಟು ಅಲ್ವಾ?"

"ಮೊದಲನೆಯದು ಸ್ವಲ್ಪ ಹೇಳಿದ್ರೆ ಒಳ್ಳೆಯದಿತ್ತು ಸಾರ್," ಎನ್ನುತ್ತಿದ್ದ ಕಿಟ್ಟ. ಒಂದು ನಿಯಮಕ್ಕೆ ಅರ್ಧ ಗಂಟೆ ಮಾತು ಗ್ಯಾರಂಟಿ.

ಪ್ರೊಫೆಸರು ಇಟ್ಟರೆ ಹಾಜಿ. "ಎಂತ ಹೇಳಿದ ಆ ಮೇಷ್ಟ್ರು? ನಂಬಬೇಡ ಕಿಟ್ಟಣ್ಣ. ನಾನು ಪೈಪ್ ಜೋಡಿಸಿದ ಮನುಷ್ಯ, ಖಾಲಿ ಪೈಪಿನ ಶಬ್ದ ನನಗೆ ಗೊತ್ತು."

ಲೊರ್ನಾ ಬಾಯಿ ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿ ತಮ್ಮ ಗಂಡ ಡೆನಿಸನಿಗೆ, "ಕಿಟ್ಟಣ್ಣ ಇತ್ತೀಚೆಗೆ ದೊಡ್ಡ ಜನ ಆಗಿದ್ದಾರೆ. ಫೋನ್ ಇಡಲಿಕ್ಕೆ ಪುರುಸೊತ್ತಿಲ್ಲ," ಎಂದರು. ಕಿಟ್ಟ ಈಗ ಫೋನ್ ಬಂದಾಗ ಬೇಕೆಂದೇ ಜಗಲಿಗೆ ಬಂದು, ದಾರಿಹೋಕರು ಕೇಳಲೆಂದು "ಹೋಲ್ಡ್ ಮಾಡಿ, ಹೋಲ್ಡ್ ಮಾಡಿ" ಎನ್ನುತ್ತಿದ್ದ. ಷೇರನ್ನೋ ಫೋನನ್ನೋ ಎಂದು ಯಾರೂ ಕೇಳಲಿಲ್ಲ.

ಜೂನ್ ಮಧ್ಯದಲ್ಲಿ ಎರಡೂ ಪಕ್ಷಗಳು ಸುಸ್ತಾಗಿ ಒಂದು ಒಪ್ಪಂದಕ್ಕೆ ಬಂದವು. ಪ್ರೊಫೆಸರ ಸಂದೇಶ ಬಂತು: "ಈ ಚರ್ಚೆ ನಮ್ಮೆಲ್ಲರ ನಿದ್ದೆ ಕೆಡಿಸಿದೆ. ಒಬ್ಬರು ಖುದ್ದಾಗಿ ಹೋಗಿ ಪ್ಲಾಂಟ್ ನೋಡಿ ಬರಲಿ. ಯಂತ್ರ ಇದ್ದರೆ ಬೂದಿಯವರು ಬಾಯಿ ಮುಚ್ಚುವುದು. ಇಲ್ಲದಿದ್ದರೆ ನಾವು ಮಾರುವುದು. ಹೇಗೂ ಗ್ರೂಪ್ ಬಂದ್ ಮಾಡುವ. ಬಿಡುವಾಗಿ ಇರುವವರು ಕಿಟ್ಟ ಅವರು." ಹಿಂದೆಯೇ ಅವನಿಗೆ ಖಾಸಗಿಯಾಗಿ ಒಂದು ಕಿವಿಮಾತು: "ನೇರ ಗೇಟಿಗೆ ಹೋಗಬೇಡಿ. ಎಚ್ಚರ ಆಗ್ತಾರೆ. ಮೊದಲು ಹತ್ತಿರದ ಅಂಗಡಿಯಲ್ಲಿ ಕೂತು ಸುತ್ತಮುತ್ತ ವಿಚಾರಿಸಿ. ನೀಟಾಗಿ ಹೋಗಿ."

ಆದಿತ್ಯವಾರ ಕಿಟ್ಟ ಇಸ್ತ್ರಿ ಹಾಕಿದ ಬಿಳಿ ಅಂಗಿ, ಎಣ್ಣೆ ಹಚ್ಚಿದ ತಲೆ, ಕೈಯಲ್ಲಿ ಕೊಡೆ, ಬರಿಗೈಯಲ್ಲಿ ಹೋಗಬಾರದೆಂದು ಅರ್ಧ ಕಿಲೋ ಬಾಳೆಹಣ್ಣು ಹಿಡಿದು ಎರಡು ಬಸ್ಸು ಬದಲಿಸಿದ. ಕಾರ್ಕಳದಿಂದ ಹೆಬ್ರಿ ದಾರಿಯಲ್ಲಿ ಇಳಿದು ಒಳರಸ್ತೆಯಲ್ಲಿ ನಡೆದರೆ ಕಪ್ಪು ಪಾದೆಗಲ್ಲಿನ ಗುಡ್ಡ. ಗುಡ್ಡದ ಮೇಲೆ ನೀಲಿ ತಗಡಿನ ದೊಡ್ಡ ಶೆಡ್ಡು. ಬುಡದಲ್ಲಿ ಒಂದು ಹೋಟೆಲು: "ಭಸ್ಮಜ್ಯೋತಿ ಕ್ಯಾಂಟೀನ್. ಕಾರ್ಮಿಕರಿಗೆ ರಿಯಾಯಿತಿ." ಒಳಗೆ ಐವತ್ತು ಜನ ಕೂರುವಷ್ಟು ಬೆಂಚು. ಐವತ್ತರಲ್ಲಿ ಒಬ್ಬನೂ ಇರಲಿಲ್ಲ. ಗಲ್ಲಾದಲ್ಲಿ ಬೇಬಿಯಕ್ಕ ಕುಳಿತು ರೇಡಿಯೋಗೆ ಉತ್ತರ ಕೊಡುತ್ತಿದ್ದರು.

"ಎಲ್ಲಿಂದ ಬಂದದ್ದು?"

"ಕಾಪುವಿನಿಂದ. ಸ್ವಲ್ಪ ವಿಚಾರಿಸ್ಲಿಕ್ಕೆ ಇತ್ತು."

ಬೇಬಿಯಕ್ಕನ ಕಣ್ಣು ಅಂಗಿಯ ಇಸ್ತ್ರಿಯಿಂದ ಬಾಳೆಹಣ್ಣಿಗೆ, ಬಾಳೆಹಣ್ಣಿನಿಂದ ತಲೆಯ ಎಣ್ಣೆಗೆ ಹೋಗಿ ಬಂತು. ಈ ಸೀಮೆಯಲ್ಲಿ ಹೆಣ್ಣು ಕೇಳುವ ಮೊದಲು ನೇರ ಮನೆಗೆ ಹೋಗುವ ಕ್ರಮ ಇಲ್ಲ. ಹತ್ತಿರದ ಅಂಗಡಿಯಲ್ಲಿ ಕೂತು, ಚಾ ಕುಡಿದು, ನೆಂಟನೋ ದಾರಿಹೋಕನೋ ಎಂಬಂತೆ ಮುಖ ಮಾಡಿ ವಿಚಾರಿಸಿ ಹೋಗುವುದು. ಬೇಬಿಯಕ್ಕ ಎದ್ದು ಒಳಗೆ ಹೋಗಿ ಬೆಲ್ಲ ನೀರು ತಂದಿಟ್ಟರು.

"ಹೆಸರು?"

"ಕಿಟ್ಟ ಕರ್ಕೇರ."

"ಕರ್ಕೇರವಾ! ನಮ್ಮದು ಕುಂದರ್. ಬರಿ ಬೇರೆ ಬೇರೆ. ಆಗ್ತದೆ."

ಬರಿ ಎಂದರೆ ತುಳುವರ ಕುಲ. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಮದುವೆಯಾಗುವಂತಿಲ್ಲ. ಬೇಬಿಯಕ್ಕನಿಗೆ ದೊಡ್ಡ ಬಾಗಿಲೊಂದು ತೆರೆದಂತಾಯಿತು. ಕಿಟ್ಟನಿಗೆ ಬೆಲ್ಲ ಚೆನ್ನಾಗಿದೆ ಎಂದಷ್ಟೇ ಗೊತ್ತಾಯಿತು.

"ಮೇಲೆ ಯಾರೆಲ್ಲ ಇರುವುದು?" ಎಂದು ಕೇಳಿದ, ಶೆಡ್ಡಿನತ್ತ ಕಣ್ಣು ಹಾಯಿಸಿ, ಗೂಢಚಾರನ ಧ್ವನಿಯಲ್ಲಿ.

"ಇಡೀ ದಿನ ನನ್ನ ಅಕ್ಕನ ಮಗಳು ಒಬ್ಬಳೇ. ನಳಿನಾಕ್ಷಿ. ಗೇಟು, ಆಫೀಸು, ಎಲ್ಲ ಅವಳೇ. ಬಿ.ಕಾಂ."

"ಇದಕ್ಕೆ ಮೊದಲು ಯಾರಾದ್ರೂ ವಿಚಾರಿಸ್ಲಿಕ್ಕೆ ಬಂದಿದ್ರಾ?"

"ಇಬ್ಬರು ಬಂದಿದ್ದರು. ಒಬ್ಬನಿಗೆ ದುಬೈಯಲ್ಲಿ ಮೊದಲೇ ಒಂದಿತ್ತು ಅಂತ ಆಮೇಲೆ ಗೊತ್ತಾಯ್ತು. ನಿಮಗೆ ಬೇರೆ ಕಡೆ ಎಲ್ಲೂ ಇಲ್ಲ ಅಲ್ವಾ?"

"ಇಲ್ಲ ಇಲ್ಲ. ಇದು ಬಿಟ್ರೆ ನನಗೆ ಬೇರೆ ಯಾವುದೂ ಇಲ್ಲ," ಎಂದ ಕಿಟ್ಟ, ಪ್ರಾಮಾಣಿಕವಾಗಿ. ಬೇಬಿಯಕ್ಕ ಸೆರಗಿನಿಂದ ಬೆಂಚು ಇನ್ನೊಮ್ಮೆ ಒರಸಿದರು.

ಆಮೇಲೆ ನೀರ್‌ದೋಸೆ ಬಂತು, ಕೋಳಿ ಸಾರು ಬಂತು, ಊರಿನ ಸುದ್ದಿ ಬಂತು. ಬೇಬಿಯಕ್ಕ ಹೇಳಿದಷ್ಟು ಮಾತನ್ನು ಕಿಟ್ಟನಿಗೆ ಒಂದೇ ದಿನದಲ್ಲಿ ಯಾರೂ ಹೇಳಿದ್ದಿಲ್ಲ. ಅವನು ದುಡ್ಡು ಕೊಡಲು ಹೋದರೆ, "ಈಗಲೇ ಲೆಕ್ಕವಾ?" ಎಂದು ಕೈ ತಳ್ಳಿದರು.

ಊಟವಾದ ಮೇಲೆ ಗುಡ್ಡ ಹತ್ತಿದ. ಗೇಟಿನಲ್ಲಿ ಕನ್ನಡಕ ಹಾಕಿದ ಹೆಂಗಸು ಪದಬಂಧ ತುಂಬಿಸುತ್ತಿದ್ದಳು.

"ಶೆಡ್ ಒಮ್ಮೆ ನೋಡಬಹುದಾ?"

"ನೋಡಿ," ಎಂದು ನಳಿನಾಕ್ಷಿ ಶಟರ್ ಎತ್ತಿದಳು.

ಒಳಗೆ ಗುಡಿಸಿ ಸಾರಿಸಿದ ಸಿಮೆಂಟು ನೆಲ. ನಡುವೆ ಹಳದಿ ಬಣ್ಣದ ದೊಡ್ಡ ಚೌಕ. ಚೌಕದ ಮೂಲೆಗಳಲ್ಲಿ ಮೇಲ್ಮುಖವಾಗಿ ನಿಂತ ಬೋಲ್ಟುಗಳು. ಚೌಕದೊಳಗೆ ಅಂದವಾದ ಅಕ್ಷರದಲ್ಲಿ "ಯಂತ್ರ" ಎಂದು ಬರೆದಿತ್ತು. ಯಂತ್ರ ಇರಲಿಲ್ಲ. ಒಂದು ಕೋಳಿ ಅಕ್ಷರಗಳ ಮೇಲೆ ಓಡಾಡುತ್ತಿತ್ತು.

"ಇಷ್ಟೇ?" ಎಂದ ಕಿಟ್ಟ.

"ಇಷ್ಟೇ," ಎಂದಳು ನಳಿನಾಕ್ಷಿ. ಹೆಚ್ಚು ಮಾತಿನವಳಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಪದಬಂಧಕ್ಕೆ ಮರಳಿದಳು.

ವಾಪಸು ಬಸ್ಸಿನಲ್ಲಿ ಕಿಟ್ಟ ಫೋನು ತೆಗೆದು "ಏನೂ ಇಲ್ಲ" ಎಂದು ಬರೆದ. ಕಳಿಸುವ ಬಾಣದ ಮೇಲೆ ಬೆರಳಿಟ್ಟ. ಕಳಿಸಿದರೆ ಹಾಜಿ ಗೆಲ್ಲುತ್ತಾರೆ, ಪ್ರೊಫೆಸರು ಮಾರುತ್ತಾರೆ, ಗ್ರೂಪು ಬಂದ್, ಎರಡನೇ ನಿಯಮ ಬಂದ್, ಲೊರ್ನಾ ಬಾಯಿಯಿಂದ ರಿಂಗು ಕೊಡಿಸುವುದು ಪುನಃ ಶುರು. ಬಸ್ಸಿನವನು "ಪಡುಬಿದ್ರಿ ಪಡುಬಿದ್ರಿ ಪಡ್‌ಪಡ್‌ಪಡುಬಿದ್ರಿ" ಎಂದು ಕೂಗುತ್ತಿದ್ದಾಗ ಕಿಟ್ಟ ಬರೆದದ್ದನ್ನು ಅಳಿಸಿ ಹೊಸದು ಬರೆದ:

"ಹೊಗೆ ಕಾಣಲಿಲ್ಲ."

ಎರಡು ಶಬ್ದ. ಆದರೆ ಎಂಥ ಎರಡು ಶಬ್ದ! "ನೋಡಿದಿರಾ!" ಎಂದು ಪ್ರೊಫೆಸರು ಕುಣಿದರು. "ನೋಡಿದ್ರಾ!" ಎಂದು ಹಾಜಿಯೂ ಕುಣಿದರು. ಆ ವಾರ ಗುಂಪಿನಲ್ಲಿ ಬಂದಷ್ಟು ಸಂದೇಶ ಹಿಂದೆಂದೂ ಬಂದಿರಲಿಲ್ಲ. ಕೊನೆಗೆ ಸರ್ವಾನುಮತದಿಂದ ತೀರ್ಮಾನವಾಯಿತು: ವಿಷಯ ಗಹನವಾಗಿದೆ, ಕಿಟ್ಟ ಇನ್ನೊಮ್ಮೆ ಹೋಗಬೇಕು.

ಹೋದ. ಮತ್ತೆ ಹೋದ. ಆದಿತ್ಯವಾರ ಬಂತೆಂದರೆ ಕಾರ್ಕಳದ ಬಸ್ಸು. ಬೇಬಿಯಕ್ಕ ಒಂದು ವಾರ ಪುಂಡಿ, ಇನ್ನೊಂದು ವಾರ ಪತ್ರೊಡೆ ಮಾಡಿ ಕಾಯುತ್ತಿದ್ದರು. ನಳಿನಾಕ್ಷಿ ಏನು ಹೇಳುತ್ತಾಳೆಂದು ಅವರು ಹೇಳಲಿಲ್ಲ, ಇವನೂ ಕೇಳಲಿಲ್ಲ. ವರದಿಗಳು ವಾರದಿಂದ ವಾರಕ್ಕೆ ಕಲಾತ್ಮಕವಾದವು. "ಶಬ್ದ ಕೇಳಿಸಿತು" (ಪಕ್ಕದ ರಸ್ತೆಯಲ್ಲಿ ಬುಲೆಟ್ ಹೋಗಿತ್ತು). "ಶೆಡ್ಡಿನ ಗೋಡೆ ಮುಟ್ಟಿದೆ, ಬಿಸಿ ಇತ್ತು" (ಬಿಸಿಲು ಬಂದಿತ್ತು). "ಒಳಗೆ ಚಲನೆ ಉಂಟು" (ಕೋಳಿ). ಅವನು ಒಂದು ಸುಳ್ಳನ್ನೂ ಬರೆಯಲಿಲ್ಲ. ದೊಡ್ಡ ಪತ್ರಿಕೆಗಳ ಷೇರು ಪುಟದಲ್ಲಿ ಇಷ್ಟು ಸತ್ಯ ಇರುವುದು ಅಪರೂಪ.

ಒಂದು ಸಂಜೆ ಸುಗಂಧಿಯ ಫೋನು. ಅಷ್ಟಮಿಯಲ್ಲ, ಉಂಡೆಯಿಲ್ಲ.

"ಎಲಾ ಕಿಟ್ಟಣ್ಣ! ಹೇಳದೆ ಕೇಳದೆ ಹುಡುಗಿ ನೋಡ್ಲಿಕ್ಕೆ ಹೋಗ್ತಾ ಇದ್ದೀಯಾ? ಅದೂ ಪ್ರತಿ ಆದಿತ್ಯವಾರ? ನನಗೆ ಇಲ್ಲಿ ಲೋಕಲ್ ಟ್ರೇನಿನಲ್ಲಿ ಯಾರೋ ಹೇಳಿ ಗೊತ್ತಾಗಬೇಕಾ? ಆ ಬೇಬಿಯಕ್ಕನ ಚಿಕ್ಕಪ್ಪನ ಸೊಸೆ ನಮ್ಮ ಬಿಲ್ಡಿಂಗಿನಲ್ಲೇ ಇರುವುದು, ಗೊತ್ತುಂಟಾ?"

ಬೆಲ್ಲ, ಬರಿ, ದುಬೈ, ಪತ್ರೊಡೆ ಎಲ್ಲವೂ ಒಮ್ಮೆಗೇ ಕಿಟ್ಟನ ತಲೆಯಲ್ಲಿ ಸಾಲಾಗಿ ನಿಂತವು. "ಸುಗಂಧಿ, ಅದು ಹಾಗಲ್ಲ..."

"ಹಾಗಲ್ಲ ಹೀಗಲ್ಲ ಬೇಡ. ಹುಡುಗಿ ಹೇಗಿದ್ದಾಳೆ, ಬಣ್ಣ ಎಂಥದು, ಎಲ್ಲ ಹೇಳಬೇಕು. ಈಗ ಕುಕ್ಕರ್ ಕೂಗ್ತಾ ಉಂಟು. ನಾಳೆ ಪುನಃ ಮಾಡ್ತೇನೆ."

ನಾಳೆ. ತಂಗಿಯ ಬಾಯಿಯಿಂದ ಆ ಶಬ್ದ ಕೇಳಿ ಎಷ್ಟು ವರ್ಷವಾಗಿತ್ತೋ. ಕಿಟ್ಟ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದ. ನಾಳೆ ಫೋನು ಬಂತು, ನಾಡಿದ್ದೂ ಬಂತು. ಸುಗಂಧಿಯ ಗಂಡ ಮಾತಾಡಿದ, ಮಗಳು ಮಾತಾಡಿದಳು, ಭಾಂಡುಪಿನ ಮೂರನೇ ಮಹಡಿಯ ಯಾರೋ "ಶುಭವಾಗಲಿ" ಎಂದರು. ಲೊರ್ನಾ ಬಾಯಿ ಬೇಲಿಯ ಮೇಲಿಂದ, "ಡೆನಿಸನ ಕೋಟ್ ಉಂಟು ಕಿಟ್ಟಣ್ಣ, ರಿಸೆಪ್ಶನಿಗೆ ಬೇಕಾದ್ರೆ ಕೇಳಿ, ಹೊಟ್ಟೆ ಹತ್ತಿರ ಸ್ವಲ್ಪ ಹಿಡಿಸಬೇಕು," ಎಂದರು.

ಮುಂದಿನ ಆದಿತ್ಯವಾರ ಬೇಬಿಯಕ್ಕನಿಗೆ ಹೇಳಿಬಿಡುವುದೆಂದು ಕಿಟ್ಟ ಬಸ್ಸಿನಲ್ಲಿ ನಿರ್ಧರಿಸಿದ. ಆದರೆ ಅವರೇ ಮೊದಲು ಬಾಯಿ ತೆರೆದರು. "ಈಗ ಆಟಿ ತಿಂಗಳು. ಆಟಿಯಲ್ಲಿ ಇಂಥ ಮಾತು ತೀರ್ಮಾನ ಮಾಡ್ಲಿಕ್ಕಿಲ್ಲ. ನಿಮಗೆ ಅವಸರ ಇಲ್ಲ ಅಲ್ವಾ?"

"ಅವಸರ ಎಂತದ್ದೂ ಇಲ್ಲ," ಎಂದ ಕಿಟ್ಟ. ಇಷ್ಟು ಅನುಕೂಲವಾದ ತಿಂಗಳು ಅವನ ಜೀವನದಲ್ಲಿ ಬಂದಿರಲಿಲ್ಲ.

ಆದರೆ ಆಟಿಗೂ ಒಂದು ಕೊನೆ ಇದೆ. ಬೋಟುಗಳು ಕಡಲಿಗಿಳಿದವು, ಐಸಿಗೆ ಪುನಃ ಬೈಗುಳ ಬಂತು. ಆಟಿ ಕಳೆದು ಸೋಣ ತಿಂಗಳು ಕಾಲಿಟ್ಟ ವಾರ ಕಂಪೆನಿಯ ಷೇರು ಎದ್ದು ಬಿದ್ದು ಎದ್ದು ಕೊನೆಗೆ ಮಲಗಿತು. ಪ್ರೊಫೆಸರು ಬರೆದರು: "ಕಿಟ್ಟ ಅವರ ವರದಿಗಳು ಅಮೂಲ್ಯ. ಆದರೆ ಎಲ್ಲರೂ ಒಮ್ಮೆ ನೋಡಿ ಮುಗಿಸುವ. ಈ ಆದಿತ್ಯವಾರ ಎರಡು ಕಾರು." ಕಿಟ್ಟ ಜ್ವರ ಎಂದ. "ಕಾರಿನಲ್ಲಿ ಎಸಿ ಉಂಟು," ಎಂದರು ಹಾಜಿ. ರಸ್ತೆ ಸರಿಯಿಲ್ಲ ಎಂದ. "ನನ್ನ ಗಾಡಿ ಮರಳುಗಾಡಿನಲ್ಲಿ ಓಡಿದ ಗಾಡಿ," ಎಂದರು. ಕೊನೆಗೆ ಬೇಬಿಯಕ್ಕನಿಗೆ ಫೋನ್ ಮಾಡಿ, "ಆದಿತ್ಯವಾರ ಕೆಲವು ಜನ ಬರ್ತಾರೆ," ಎಂದಷ್ಟೇ ಹೇಳಿ ಇಟ್ಟುಬಿಟ್ಟ. ಆಟಿ ಮುಗಿದ ಮೊದಲ ಆದಿತ್ಯವಾರ ಗಂಡಿನ ಕಡೆಯಿಂದ ಕೆಲವು ಜನ! ಮುಂದಿನದನ್ನು ಬೇಬಿಯಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡು ಕಾರುಗಳು ಕ್ಯಾಂಟೀನಿನ ಎದುರು ನಿಂತಾಗ ಬಾಗಿಲಿಗೆ ಮಾವಿನೆಲೆ ಕಟ್ಟಿತ್ತು. ಮೇಜಿನ ಮೇಲೆ ಹೂವು, ಅರಶಿನ, ವೀಳ್ಯದೆಲೆ. ಒಳಗೆ ಎಲೆಯಲ್ಲಿ ಸುತ್ತಿದ ಇಡ್ಲಿ, ಮೂಡೆ, ಬೇಯುವ ಪರಿಮಳ. ಜಾತಿಯ ಹಿರಿಯರಾದ ಗುರಿಕಾರರು ಶಾಲು ಹೊದ್ದು ಬೆಂಚಿನ ನಡುವೆ ಕುಳಿತಿದ್ದರು. ಸುಗಂಧಿ ಬೇಬಿಯಕ್ಕನ ಫೋನಿನ ವೀಡಿಯೊ ಕಾಲಿನಲ್ಲಿ ಉಪ್ಪಿನಕಾಯಿ ಭರಣಿಗೆ ಒರಗಿ ನಿಂತಿದ್ದಳು.

"ನೋಡಿ ಬಶೀರ್," ಎಂದು ಪ್ರೊಫೆಸರು ಪಿಸುಗುಟ್ಟಿದರು, "ಹೂಡಿಕೆದಾರರಿಗೆ ಎಂಥ ಗೌರವ! ಬೂದಿ ಕಂಪೆನಿ ಹೀಗೆ ಮಾಡ್ತದಾ?"

"ತಿನ್ನಿಸಿ ಬಾಯಿ ಮುಚ್ಚಿಸುವ ಏರ್ಪಾಡು," ಎಂದರು ಹಾಜಿ, ಮೂಡೆ ಬಿಚ್ಚುತ್ತ.

ಗುರಿಕಾರರು ಗಂಭೀರವಾಗಿ ಆರಂಭಿಸಿದರು. "ನೀವು ಹುಡುಗನಿಗೆ ಎಂತ ಆಗಬೇಕು?"

"ಯಾವ ಹುಡುಗ? ನಾನು ಶೇರ್‌ಹೋಲ್ಡರ್."

"ಹುಡುಗನಲ್ಲಿ ಪಾಲುಂಟಾ ನಿಮಗೆ?" ಗುರಿಕಾರರಿಗೆ ಇದು ಹೊಸ ಕಟ್ಟಳೆ. ಹಾಜಿಯತ್ತ ತಿರುಗಿದರು. "ನೀವು?"

"ನಾನೂ ಶೇರ್‌ಹೋಲ್ಡರೇ. ಆದ್ರೆ ನನಗೆ ವಿಶ್ವಾಸ ಇಲ್ಲ. ಹೊರಗೆ ಚಂದ ಬಣ್ಣ ಹೊಡೆದಿದ್ದಾರೆ, ಒಳಗೆ ಎಂತ ಇಲ್ಲ. ತೆರೆದು ನೋಡದೆ ನಾನು ಒಪ್ಪುವುದಿಲ್ಲ."

ಗುರಿಕಾರರ ಶಾಲು ಜಾರಿತು. ಭರಣಿಯ ಬದಿಯಿಂದ ಸುಗಂಧಿ ಕಿರುಚಿದಳು: "ಯಾರಣ್ಣ ಅದು ಗಡ್ಡದವರು? ಎಂತ ಮಾತಾಡ್ತಾರೆ? ಮೊದಲು ಹುಡುಗಿಯನ್ನು ಕರೀರಿ, ನಾನು ನೋಡಬೇಕು!"

ಬೆಂಚುಗಳ ಮೇಲೆ ಜಗಿಯುವ ಶಬ್ದ ನಿಂತಿತು. ಹಾಜಿ ಮೂಡೆ ಕೆಳಗಿಟ್ಟು ಕಿಟ್ಟನ ಮುಖ ನೋಡಿದರು. "ಕಿಟ್ಟಣ್ಣ, ಇದು ಮದುವೆ ಮಾತಾ?"

"ಸ್ವಲ್ಪ," ಎಂದ ಕಿಟ್ಟ.

"ಸ್ವಲ್ಪ ಮದುವೆ ಮಾತು ಅಂದ್ರೆ ಎಂತ ಮಾರಾಯ?"

ಆಗ ಗುಡ್ಡದಿಂದ ನಳಿನಾಕ್ಷಿ ಇಳಿದು ಬಂದಳು. ಸೀರೆಯಿಲ್ಲ, ಮಲ್ಲಿಗೆಯಿಲ್ಲ, ದಿನದ ಚೂಡಿದಾರ, ಕೈಯಲ್ಲಿ ಬೀಗದಕೈ ಗೊಂಚಲು. "ಕಾರು ಕಂಡಿತು. ಶೆಡ್ ನೋಡ್ಲಿಕ್ಕೆ ಬಂದವರಲ್ವಾ? ಬನ್ನಿ."

ಶೇರ್‌ಹೋಲ್ಡರುಗಳು ಎದ್ದರು. ಅವರು ಎದ್ದರೆಂದು ಗುರಿಕಾರರೂ ಎದ್ದರು. ಗಂಡಿನ ಕಡೆಯವರು ಎಲ್ಲಿಗೆ ಹೋದರೂ ಹಿಂದೆ ಹೋಗಬೇಕಾದ್ದು ಅವರ ಕರ್ತವ್ಯ. ಮೆರವಣಿಗೆ ಗುಡ್ಡ ಹತ್ತಿತು. ಬೇಬಿಯಕ್ಕ ಹಿಂದಿನಿಂದ "ನಳಿನಾಕ್ಷಿ, ಈಗ ಬೇಡ, ಮತ್ತೆ, ಮತ್ತೆ" ಎನ್ನುತ್ತಿದ್ದರು. ಕಿಟ್ಟ ಭರಣಿಯ ಬದಿಯಿಂದ ಎತ್ತಿಕೊಂಡಿದ್ದ ಫೋನಿನಲ್ಲಿ ಸುಗಂಧಿ ಅರ್ಧ ಗುಡ್ಡದಲ್ಲಿ ನೆಟ್‌ವರ್ಕ್ ಇಲ್ಲದೆ ಬಾಯಿ ತೆರೆದಂತೆಯೇ ನಿಂತುಹೋದಳು.

ಶಟರ್ ಎದ್ದಿತು. ಹಳದಿ ಚೌಕ. ಬೋಲ್ಟುಗಳು. "ಯಂತ್ರ."

ಪ್ರೊಫೆಸರು ಕುಕ್ಕರಗಾಲಲ್ಲಿ ಕುಳಿತು ಒಂದು ಬೋಲ್ಟನ್ನು ಮುಟ್ಟಿ, "ಫೌಂಡೇಶನ್ ಉಂಟಲ್ಲ," ಎಂದರು. ಧ್ವನಿ ತುಂಬಾ ಸಣ್ಣದಾಗಿತ್ತು. ಹಾಜಿ ನಗಬೇಕಿತ್ತು, ಇಷ್ಟು ದಿನ ಅದಕ್ಕಾಗಿಯೇ ಕಾದಿದ್ದರು. ನಗು ಬರಲಿಲ್ಲ. ಅವರ ದುಡ್ಡೂ ಆ ಚೌಕದೊಳಗೇ ಇತ್ತು.

"ಯಾವಾಗ ಬರ್ತದೆ 'ಯಂತ್ರ'?" ಎಂದರು ಕೊನೆಗೆ.

"ಬರುವುದಿಲ್ಲ," ಎಂದಳು ನಳಿನಾಕ್ಷಿ. ಕಿಟ್ಟನತ್ತ ತಿರುಗಿ, "ಇವರಿಗೆ ಗೊತ್ತುಂಟಲ್ಲ. ಜೂನಿನಲ್ಲೇ ತೋರಿಸಿದ್ದೇನೆ," ಎಂದಳು.

ಎಲ್ಲ ತಲೆಗಳೂ ತಿರುಗಿದವು.

"ಒಂದು ಮಾತು ಹೇಳಿದ್ರೆ ನಾನು ಗೆಲ್ತಿದ್ದೆ!" ಎಂದರು ಹಾಜಿ.

"ನಾನು ಸೋತಾದರೂ ಸೋಲುತ್ತಿದ್ದೆ," ಎಂದರು ಪ್ರೊಫೆಸರು. "ಜೂನಿನಲ್ಲಿ ಸೋತಿದ್ದರೆ ಅರ್ಧವಾದರೂ ಉಳೀತಿತ್ತು. ಯಾಕೆ ಹೇಳಲಿಲ್ಲ ನೀವು?"

ಕಿಟ್ಟ ನೆಲದ ಅಕ್ಷರಗಳನ್ನು ನೋಡುತ್ತ ನಿಂತ. "ಹೇಳಿದ್ರೆ ನೀವು ಯಾರೂ ಫೋನ್ ಮಾಡ್ತಿರ್ಲಿಲ್ಲ," ಎಂದ.

ಥರ್ಮೋಡೈನಾಮಿಕ್ಸಿನ ಯಾವ ನಿಯಮದಲ್ಲೂ ಇದಕ್ಕೆ ಉತ್ತರ ಇರಲಿಲ್ಲ. ಪ್ರೊಫೆಸರು ಕನ್ನಡಕ ತೆಗೆದು ಒರಸಿ ಪುನಃ ಹಾಕಿಕೊಂಡರು. ಗುರಿಕಾರರು ಮಾತ್ರ ಹಾಜಿಯ ಕಿವಿಯಲ್ಲಿ, "ಹಾಗಾದ್ರೆ ಹುಡುಗಿ ಒಪ್ಪಿಗೆಯಾ ಇಲ್ವಾ?" ಎಂದು ಕೇಳಿದರು.

ಹಿಂತಿರುಗಿ ಇಳಿಯುವಾಗ ದಾರಿಯುದ್ದಕ್ಕೂ ಫೋನುಗಳು ಮಿನುಗಿದವು. ಇಂಥವರು ಗುಂಪಿನಿಂದ ಹೊರನಡೆದರು, ಇಂಥವರು ಹೊರನಡೆದರು. ಕಿಟ್ಟ ಶೂ ಲೇಸು ಕಟ್ಟುವ ನೆಪದಲ್ಲಿ ಹಿಂದೆ ಉಳಿದ. ಅವನು ಕೆಳಗೆ ಬರುವಾಗ ಕಾರುಗಳ ಬಾಗಿಲು ಬಡಿದ ಶಬ್ದ ಕೇಳಿತು. ಬೆಂಕಿ ಪಕ್ಷದವರು ಕಿಟ್ಟ ಬೂದಿಯವರ ಕಾರಿನಲ್ಲಿದ್ದಾನೆ ಎಂದುಕೊಂಡರು. ಬೂದಿ ಪಕ್ಷದವರು ಬೆಂಕಿಯವರ ಕಾರಿನಲ್ಲಿ ಎಂದುಕೊಂಡರು. ಇಷ್ಟು ದಿನದಲ್ಲಿ ಎರಡೂ ಪಕ್ಷಗಳು ಒಮ್ಮತಕ್ಕೆ ಬಂದ ವಿಷಯ ಅದೊಂದೇ: ಕಿಟ್ಟ ನಮ್ಮವನಲ್ಲ. ಎರಡು ಕಾರೂ ತಿರುವಿನಲ್ಲಿ ಮರೆಯಾದವು. ಗುರಿಕಾರರು ಉಳಿದ ಮೂಡೆ ಕಟ್ಟಿಸಿಕೊಂಡು ಸ್ಕೂಟರಿನ ಹಿಂದೆ ಕುಳಿತು ಹೋದರು.

ಕ್ಯಾಂಟೀನಿನ ಐವತ್ತು ಜನರ ಬೆಂಚಿನಲ್ಲಿ ಕಿಟ್ಟ ಒಬ್ಬನೇ ಕುಳಿತ. ಬೇಬಿಯಕ್ಕ ಅರಶಿನದ ತಟ್ಟೆ ಒಳಗಿಟ್ಟು ಬಂದರು. ನಳಿನಾಕ್ಷಿ ಬಾಗಿಲಿಗೆ ಒರಗಿ ಬೀಗದಕೈ ಗೊಂಚಲು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಹೇಳಬೇಕಾದ್ದನ್ನು ಕಿಟ್ಟ ಈಗಲಾದರೂ ಹೇಳಬೇಕಿತ್ತು.

"ನಾನು ಮೊದಲು ಬಂದದ್ದು ಯಂತ್ರ ನೋಡ್ಲಿಕ್ಕೆ," ಎಂದ. "ಆಮೇಲೆ ಗೊತ್ತಾಯ್ತು ನೀವು ಎಂತ ಗ್ರಹಿಸಿದ್ದೀರಿ ಅಂತ. ತಪ್ಪು ನನ್ನದೇ. ನೀವು ಕಾದಿದ್ರೆ..."

"ನಾನು ಎಂತ ಕಾಯುವುದು?" ಎಂದಳು ನಳಿನಾಕ್ಷಿ, ಆಶ್ಚರ್ಯದಿಂದ. "ನನಗೆ ಬೇಡ ಅಂತ ಮೊದಲ ವಾರವೇ ಚಿಕ್ಕಮ್ಮನಿಗೆ ಹೇಳಿದ್ದೇನೆ. ಅವರು ನಿಮಗೆ ಹೇಳಲಿಲ್ವಾ?"

ಕಿಟ್ಟ ಬೇಬಿಯಕ್ಕನ ಮುಖ ನೋಡಿದ. ಬೇಬಿಯಕ್ಕ ಚಹಾದ ಪಾತ್ರೆಯ ಮುಖ ನೋಡಿದರು.

"ಮೊದಲ ವಾರವೇ?" ಎಂದ ಕಿಟ್ಟ.

"ಮತ್ತೆ ಎಂತ ಮಾಡುವುದು?" ಬೇಬಿಯಕ್ಕ ಪಾತ್ರೆಗೇ ಹೇಳಿದರು. "ಪ್ಲಾಂಟ್ ಬರ್ತದೆ, ಜನ ಬರ್ತಾರೆ ಅಂತ ಬಂಗಾರ ಮಾರಿ ಬೆಂಚು ಮಾಡಿಸಿದೆ. ವರ್ಷ ಎರಡಾಯ್ತು. ರೇಡಿಯೋ ಹತ್ತಿರ ಎಷ್ಟು ಅಂತ ಮಾತಾಡುವುದು? ನೀವು ಬಂದು ಕೂತು ಉಂಡು ಹೋಗ್ತಿದ್ರಿ. ಅವಳು ಬೇಡ ಹೇಳಿದ್ದಾಳೆ ಅಂತ ಹೇಳಿದ್ರೆ ಬರುವ ಆದಿತ್ಯವಾರ ನೀವು ಬರ್ತಿದ್ರಾ?"

ಬೇಬಿಯಕ್ಕ ಚಹಾ ಸೋಸಿದರು. ಒಂದು ಗ್ಲಾಸು ಅವನ ಎದುರು ಇಟ್ಟು, ಇನ್ನೊಂದನ್ನು ತಮಗೆ ಹಿಡಿದುಕೊಂಡು ನಿಂತರು. ಗುಡ್ಡದ ಮೇಲೆ ನೀಲಿ ತಗಡು ಸಂಜೆಯ ಬಿಸಿಲಿಗೆ ಹೊಳೆಯುತ್ತಿತ್ತು.

"ಕಾರ್ಕಳದ ಸ್ಟ್ಯಾಂಡಿನವರೆಗೆ ನಾನು ಬಿಡ್ತೇನೆ ಬನ್ನಿ," ಎಂದಳು ನಳಿನಾಕ್ಷಿ. "ಇನ್ನು ನೀವು ಇಷ್ಟು ದೂರ ಬರುವುದೂ ಬೇಡ ಅಲ್ವಾ. ಕಂಪೆನಿಯವರು ಶೆಡ್ಡಿನ ಬೀಗದಕೈ ಕೊರಿಯರ್ ಮಾಡ್ಲಿಕ್ಕೆ ಹೇಳಿ ಆಯ್ತು. ಯಂತ್ರ ಬರುವುದಿಲ್ಲ."

ಕಿಟ್ಟ ಕೊಡೆ ತೆಗೆದುಕೊಂಡು ಎದ್ದ.

"ನೀನು ಸುಮ್ಮನಿರು," ಎಂದರು ಬೇಬಿಯಕ್ಕ ಅಕ್ಕನ ಮಗಳಿಗೆ, ಇದ್ದಕ್ಕಿದ್ದಂತೆ ಗಟ್ಟಿಯಾಗಿ. "ಬರುವುದಿಲ್ಲ ಅಂತ ನೀನೊಬ್ಬಳೇ ಹೇಳಿದ್ರೆ ಆಯ್ತಾ? ಅದರಲ್ಲಿ ಎರಡು ಅಭಿಪ್ರಾಯ ಉಂಟು."

ಕಿಟ್ಟ ಅವರನ್ನೊಮ್ಮೆ ನೋಡಿದ. ಕೊಡೆಯನ್ನು ಮೇಜಿಗೆ ಒರಗಿಸಿ, ಬೆಂಚು ಸ್ವಲ್ಪ ಮುಂದಕ್ಕೆ ಎಳೆದು ಕುಳಿತ.

"ಎರಡನೆಯದು ಯಾವುದು, ಹೇಳಿ," ಎಂದ.